ರೇವವ್ವನ ಗಡಿಕಲ್ಲು

“ಬಾಯಾರ, ಒಂದ ಮಾತ ಹೇಳತೀನಿ, ಸಿಟ್ಟ ಮಾಡಬ್ಯಾಡ್ರಿ. ಆ ಕಲ್ಲಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.”

ಜವಾನ ಮಹಬೂಬಸಾಬ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟ ಮೇಲೂ ಹೋಗದೆ ಅಲ್ಲೇ ನಿಂತಿದ್ದ. ಅವನ ಬೆರಳುಗಳು ಹೆಗಲ ಮೇಲಿನ ವಸ್ತ್ರದ ತುದಿಯನ್ನು ಹೊಸೆಯುತ್ತಿದ್ದವು. ಮಹಾನಂದಾ ನಕಾಶೆಯಿಂದ ತಲೆಯೆತ್ತಿ ನಕ್ಕಳು.

“ಯಾಕ ಸಾಬರ, ಕಚ್ಚತೈತೇನು?”

“ಕಚ್ಚಿದ್ರ ಚಲೋ ಇತ್ತರಿ. ಕಚ್ಚಿದ್ದಕ್ಕ ಔಷಧ ಐತಿ.”

ಗುಳೇದಕೊಪ್ಪದ ಸರ್ವೆ ಕಚೇರಿಗೆ ಅವಳು ಬಂದು ಮೂರು ವಾರವಾಗಿತ್ತು. ಅದಕ್ಕೂ ಮೊದಲು ಹನ್ನೊಂದು ವರ್ಷ ಅಣ್ಣಿಗೇರಿ, ನವಲಗುಂದದ ಎರೆಹೊಲಗಳಲ್ಲಿ ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಅಳತೆ ಮಾಡಿದವಳು. ದೆವ್ವ, ಮಾಟ, ಶಾಪ ಎಲ್ಲವೂ ಬದು ಒತ್ತುವವರ ಹುನ್ನಾರವೆಂದು ಅವಳ ನಂಬಿಕೆ. ನೆಲಕ್ಕೆ ಉದ್ದ ಅಗಲ ಬಿಟ್ಟರೆ ಬೇರೆ ಗುಣವಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಆ ಕಲ್ಲು ಇದ್ದದ್ದು ತಂಬೂರವೆಂಬ ಊರಿನ ಈಚೆ, ಕೆರೆಯ ದಂಡೆ ಮುಗಿದು ಕಾಡು ಶುರುವಾಗುವಲ್ಲಿ. ಒಂದು ಕಾಲಕ್ಕೆ ಅಲ್ಲಿ ರೇವವ್ವನೆಂಬ ವಿಧವೆಯ ಹೊಲವಿತ್ತಂತೆ. ಮೈದುನರು ವರ್ಷಕ್ಕೊಂದು ಮೊಳ ಕಲ್ಲನ್ನು ಸರಿಸುತ್ತ ಸರಿಸುತ್ತ ಅವಳ ಗುಡಿಸಲ ಹೊಸ್ತಿಲಿಗೇ ತಂದು ನಿಲ್ಲಿಸಿದರು. ಒಂದು ಮಧ್ಯಾಹ್ನ ಆಕೆ ತನ್ನ ಕೂದಲು ಕತ್ತರಿಸಿ ಆ ಕಲ್ಲಿಗೆ ಸುತ್ತಿ, ಮೂರು ದಿನ ನೀರು ಮುಟ್ಟದೆ ಅದನ್ನು ತಬ್ಬಿಕೊಂಡು ಕೂತು, ನಾಲ್ಕನೆಯ ದಿನ ಸತ್ತಳು. ಸಾಯುವಾಗ ಹೇಳಿದ ಮಾತು ಊರಿಗೆಲ್ಲ ಬಾಯಿಪಾಠ. ನನ್ನ ಮನಿ ಕಸಗೊಂಡವರಿಗೆ ತಮ್ಮ ಮನಿ ಸಿಗಬಾರದು. ಮೈದುನರು ಕಲ್ಲನ್ನು ಮೊದಲಿನ ಜಾಗಕ್ಕೆ ಹಾಕಿದರೂ ತಡವಾಗಿತ್ತು. ಹೊಲಕ್ಕೆ ಹೋದವರು ಮನೆಗೆ ಬರಲೇ ಇಲ್ಲ.

“ಕುಡದು ಬಾವ್ಯಾಗ ಬಿದ್ದಿರಬೇಕು,” ಎಂದು ಮಹಾನಂದಾ ಚಹಾ ಕುಡಿದು ಕಪ್ಪು ಕೆಳಗಿಟ್ಟಳು.

ಕಲ್ಲಿನ ಒಂದು ಬದಿ ಕಂದಾಯದ ಜಮೀನು, ಇನ್ನೊಂದು ಬದಿ ಅರಣ್ಯದ್ದು. ಅದನ್ನು ಕಿತ್ತು ಸಿಮೆಂಟಿನ ಕಂಬ ನೆಡಬೇಕೆಂದು ಹುಕುಂ ಆಗಿ ಮೂವತ್ತೊಂದು ವರ್ಷವಾಗಿತ್ತು. ಗುಳೇದಕೊಪ್ಪದಲ್ಲಿ ಎರಡೂ ಇಲಾಖೆಗಳ ಕಚೇರಿಗಳು ಒಂದೇ ಅಂಗಳದಲ್ಲಿ ಎದುರುಬದುರು. ನಡುವೆ ಒಂದು ಬೇವಿನ ಮರ, ಒಂದು ನಳ. ನಳದ ನೀರು ಯಾರದೆಂಬುದಕ್ಕೇ ಬೇರೆ ಕಡತವಿತ್ತು. ಇತ್ತ ಸೀನಿದರೆ ಅತ್ತ ಕೇಳಿಸುವ ಅಂತರ, ಆದರೂ ಪತ್ರ ಹೋಗುವುದು ಟಪಾಲಿನಲ್ಲಿ, ಕಲಘಟಗಿಗೆ ಹೋಗಿ ಮುದ್ರೆ ಹೊಡೆಸಿಕೊಂಡು ನಾಲ್ಕು ದಿನದ ಮೇಲೆ ತಿರುಗಿ ಅದೇ ಅಂಗಳಕ್ಕೆ ಬರುತ್ತಿತ್ತು. ಗಡಿಕಲ್ಲಿನ ಕಡತ ಹರವಿ ಓದಿದಾಗ ಮಹಾನಂದಾಳಿಗೆ ನಗು ತಡೆಯಲಾಗಲಿಲ್ಲ. ಸದರಿ ಕಲ್ಲನ್ನು ತಮ್ಮ ಹಂತದಲ್ಲಿ ತೆರವುಗೊಳಿಸಲು ಕೋರಿದೆ ಎಂದು ಅರಣ್ಯದವರು. ತಮ್ಮ ಹಂತದಲ್ಲೇ ತೆರವುಗೊಳಿಸಿ ವರದಿ ನೀಡಲು ಕೋರಿದೆ ಎಂದು ಸರ್ವೆಯವರು. ಮೂವತ್ತೊಂದು ವರ್ಷ ಎರಡು ಇಲಾಖೆಗಳು ಒಂದು ಕಲ್ಲಿಗೆ ಹೆದರಿ, ಆ ಹೆದರಿಕೆಯನ್ನು ಸರಕಾರಿ ಭಾಷೆಯಲ್ಲಿ ಮುಚ್ಚಿಟ್ಟಿದ್ದವು.

ಎದುರಿನ ಅರಣ್ಯ ಕಚೇರಿಯ ಮುಖ್ಯಸ್ಥ ಪ್ರಭು. ಮಹಾನಂದಾಳ ಮಾಜಿ ಗಂಡ.

ಹಾಜರಾದ ದಿನ ಬೇವಿನ ಮರದ ಕೆಳಗೆ ಅವನನ್ನು ನೋಡುವವರೆಗೆ ಅವನು ಇಲ್ಲಿರುವನೆಂದು ಅವಳು ಎಣಿಸಿರಲಿಲ್ಲ. ಹುಬ್ಬಳ್ಳಿಗೆ ಹತ್ತಿರದ ಊರು, ಅವ್ವನ ಹತ್ತಿರ ಬಿಟ್ಟಿರುವ ಮಗಳು ಗಂಗಿಯನ್ನು ಕರೆದುಕೊಂಡು ಇರಬಹುದು ಎಂದು ಬಯಸಿ ಬಂದ ವರ್ಗಾವಣೆ ಅದು. ಮಗಳ ಶಾಲೆಯ ದಾಖಲೆ ಬಿಡಿಸಿಕೊಳ್ಳಲು ಅಪ್ಪನ ಸಹಿಯೂ ಬೇಕಿತ್ತು. ಪ್ರಭು ಎರಡು ವರ್ಷದಿಂದ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಇಲ್ಲ ಎಂದು ಒಮ್ಮೆಯೂ ಅಂದವನಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಊರಲ್ಲಿ ಅವನಿಗೆ ಭಾರೀ ಹೆಸರು. ನಾಲ್ಕು ತಿಂಗಳಿಂದ ಮನೆಗೂ ಹೋಗದೆ ಕಚೇರಿಯ ಮೇಜಿನ ಮೇಲೇ ಮಲಗುತ್ತಾನೆ, ಇಂಥ ಕರ್ತವ್ಯನಿಷ್ಠರನ್ನು ನೋಡಿಲ್ಲ ಎಂದು ಇಲಾಖೆ ಪ್ರಶಂಸಾಪತ್ರವನ್ನೂ ಕೊಟ್ಟಿತ್ತು.

“ಸಹಿ ಮಾಡೂದು ಏನ ದೊಡ್ಡದು ನಂದಾ,” ಅಂದ ಅವನು, ಎರಡೂ ಕಚೇರಿಯ ಜನ ನಳದ ಹತ್ತಿರ ನಿಂತಿದ್ದಾಗ. “ಆ ಕಲ್ಲ ಕೀಳೂ ಜಂಟಿ ಸರ್ವೆ ಒಂದ ಮುಗೀಲಿ. ಆದ್ರ ಅದು ನಿನ್ನಿಂದ ಆಗೂದಲ್ಲ ಬಿಡು. ಗಂಡಸರ ಅಂಜ್ಯಾರ. ನಿನಗ ಮೊದಲ ಧೈರ್ಯ ಕಡಿಮಿ.”

ಮಾಡಬೇಡ ಅಂದದ್ದನ್ನು ಮಾಡಿಯೇ ತೀರುವ ಅವಳ ಸ್ವಭಾವ, ಎಂಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿಲ್ಲದ್ದೇನಲ್ಲ.

“ನಾಳೆ ಹನ್ನೆರಡಕ್ಕ ಬರ್ರಿ,” ಅಂದಳು ಮಹಾನಂದಾ.

ಮರುದಿನ ಮಟಮಟ ಮಧ್ಯಾಹ್ನ. ಕೆರೆಯ ನೀರು ಸೀಸ ಕರಗಿಸಿ ಹೊಯ್ದಂತೆ ಬಿದ್ದಿತ್ತು. ಒಂದು ಹಕ್ಕಿಯ ದನಿಯಿಲ್ಲ. ತೇಗದ ಒಣ ಎಲೆಗಳ ಕಮರು, ಅದರ ಕೆಳಗೆ ಇನ್ನೊಂದು ವಾಸನೆ, ಸುಟ್ಟ ಕೂದಲಿನದು. ಮೊಣಕಾಲುದ್ದದ ಕಪ್ಪು ಕಲ್ಲು ತುಸು ವಾಲಿ ನಿಂತಿತ್ತು. ಸರ್ವೆಯ ಲಕ್ಕಪ್ಪ ಬೆನ್ನು ಹಿಡಿದುಕೊಂಡು ಇವತ್ತ ನಡಾ ಏಳವಲ್ದು ಅಂದ. ಅರಣ್ಯದ ಗಾರ್ಡ್ ಯಲ್ಲಪ್ಪ ನನಗ ಜ್ವರ ಅಂದ. ಹಾರೆ ಹಿಡಿಯುವುದು ಯಾವ ಇಲಾಖೆಯ ಕೆಲಸ ಎಂದು ಅರ್ಧ ತಾಸು ವಾದ ನಡೆಯಿತು. ಪ್ರಭು ಮಾತ್ರ ದೂರ ಜೀಪಿಗೆ ಒರಗಿ, ಕೈಕಟ್ಟಿ ನಿಂತಿದ್ದ.

ಮಹಾನಂದಾ ಸೆರಗು ಸಿಕ್ಕಿಸಿ ತಾನೇ ಹಾರೆ ಹಿಡಿದಳು.

ಅಷ್ಟು ವರ್ಷ ಹೂತಿದ್ದ ಕಲ್ಲು ಮೂರನೆಯ ಮೀಟಿಗೇ ಎದ್ದು ಬಂತು. ಮಣ್ಣು ಮೆತ್ತಗಿತ್ತು. ಕೆಳಗೆ ಒಂದು ಕುಡಿಕೆ, ಬಾಯಿಗೆ ಬಟ್ಟೆ, ಸುತ್ತ ಕೆಂಪು ದಾರ. ಮೇಲೊಂದು ನಿಂಬೆಹಣ್ಣು. ಅದಕ್ಕೆ ಚುಚ್ಚಿದ ಸೂಜಿಗಳಿಗೆ ತುಕ್ಕೂ ಹಿಡಿದಿರಲಿಲ್ಲ. ಲಕ್ಕಪ್ಪ ಅಯ್ಯೋ ಎಂದು ಹಿಂದೆ ಸರಿದ.

“ಕಂದಾಯದ ಬಾಜೂಕ ಸಿಕ್ಕದ್ದು. ನಿಮ್ಮದ ಅದು,” ಎಂದ ಪ್ರಭು. ಪಂಚನಾಮೆಯ ಹಾಳೆ ಅವನು ಮೊದಲೇ ಬರೆದು ತಂದಿದ್ದ. ಮಣ್ಣಿನ ಕುಡಿಕೆ ಒಂದು ಎಂಬ ಸಾಲು ಕೂಡ ಅದರಲ್ಲಿತ್ತು. ಅದು ಹೇಗೆ ಮೊದಲೇ ಬರೆಯಲು ಬಂತೆಂದು ಅವಳಿಗೆ ಆ ಬಿಸಿಲಲ್ಲಿ ಹೊಳೆಯಲಿಲ್ಲ. “ಸ್ವೀಕರಿಸಿದ್ದೇನೆ ಅಂತ ಸಹಿ ಹಾಕು. ಇಲ್ಲಾ, ಅಂಜಿಕಿ ಬರತಿದ್ರ ಬ್ಯಾಡ.”

ಅವಳು ಬರೆದು ಸಹಿ ಹಾಕಿದಳು.

ಪ್ರಭು ಒಂದು ಉಸಿರು ಬಿಟ್ಟ. ಜೋಳದ ಚೀಲ ಇಳಿಸಿದ ಹಮಾಲನ ಉಸಿರು. ಹಾಳೆ ಮಡಚಿಕೊಂಡು ಜೀಪು ಹತ್ತಿ ಹೊರಟವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಮಗಳ ಕಾಗದದ ಮಾತೂ ಎತ್ತಲಿಲ್ಲ. ಅಂದು ಸಂಜೆ ಐದೂವರೆಗೆ ಅವನು ಕಚೇರಿಗೆ ಬೀಗ ಹಾಕಿ, ಸಿಳ್ಳು ಹಾಕುತ್ತ ತನ್ನ ಮನೆಗೆ ಹೋದ.

ಮಹಾನಂದಾಳ ಬಾಡಿಗೆ ಮನೆ ಕಚೇರಿಯಿಂದ ಇನ್ನೂರ ಹತ್ತು ಹೆಜ್ಜೆ. ನಡೆಯುವಾಗ ಎಣಿಸುವುದು ಅವಳ ಕಸುಬಿನ ಚಟ. ಅಂದು ಮುನ್ನೂರು ದಾಟಿದರೂ ಬಾಗಿಲು ಬರಲಿಲ್ಲ. ಎಣಿಕೆ ತಪ್ಪಿರಬೇಕೆಂದುಕೊಂಡಳು. ಮುನ್ನೂರ ನಲವತ್ತಕ್ಕೆ ಬಾಗಿಲು ಮುಟ್ಟಿದಳು. ಮರುದಿನ ಆರುನೂರು. ಗಿರಣಿಯ ಗೋಡೆ ದಾಟಿದಳು. ಮತ್ತೆ ಅದೇ ಗಿರಣಿಯ ಗೋಡೆ ಬಂತು. ಅದೇ ಹಿಟ್ಟಿನ ವಾಸನೆ, ಅದೇ ಮುದಿ ನಾಯಿ, ಈ ಸಲ ಹಲ್ಲು ಕಿರಿಯುತ್ತ. ಬೆನ್ನ ಹಿಂದೆ ಏನೋ ಎಳೆಯುವ ಸದ್ದು. ಝಣ್. ಝಣ್. ಹಳೆಯ ಕಾಲದ ಸರ್ವೆ ಸರಪಳಿಯ ಕೊಂಡಿಗಳು ಕಲ್ಲಿನ ಮೇಲೆ ಎಳೆದಂತೆ. ತಿರುಗಿದರೆ ಯಾರೂ ಇಲ್ಲ. ನಡೆದರೆ ಅದೂ ನಡೆಯುತ್ತಿತ್ತು. ಅವಳು ಎಲ್ಲಿ ಹೆಜ್ಜೆ ಇಟ್ಟಳೋ ಅಲ್ಲಿಂದ ಯಾರೋ ಅಳೆಯುತ್ತಿದ್ದರು.

ನಾಲ್ಕನೆಯ ದಿನ ಅದು ಮನೆಯೊಳಗೆ ಬಂತು. ಅಡುಗೆಮನೆಯಲ್ಲಿ ಹಾಲು ಉಕ್ಕುವುದು ಕಾಣುತ್ತಿತ್ತು. ಅವಳು ಪಡಸಾಲೆಯಿಂದ ಎದ್ದಳು. ನಡೆದಳು. ಹಾಲು ಉಕ್ಕಿತು. ಒಲೆಯ ಮೇಲೆ ಸುರಿಯಿತು. ಸೀದ ವಾಸನೆ ಬಂತು. ಅವಳು ಇನ್ನೂ ನಡೆಯುತ್ತಿದ್ದಳು. ಪಾತ್ರೆ ಕಪ್ಪಾಯಿತು. ಕಾಲು ಸೋತು ಗೋಡೆ ಹಿಡಿದಳು. ಗೋಡೆ ಮುಗಿಯಲಿಲ್ಲ. ಆಗ ಫೋನು ಬಂತು.

“ಅವ್ವಾ,” ಅಂದಳು ಗಂಗಿ, “ನೀ ಯಾಕ ಇಷ್ಟ ದೂರದಿಂದ ಮಾತಾಡಾಕತ್ತಿ?”

ಮಗಳ ದನಿ ಬಾವಿಯ ತಳಕ್ಕೆ ಇಳಿಯುತ್ತ ಇಳಿಯುತ್ತ ನಿಂತುಹೋಯಿತು.

ಐದನೆಯ ದಿನ ಬೆಳಿಗ್ಗೆ ಮಹಬೂಬಸಾಬನೇ ಅವಳನ್ನು ಹುಡುಕಿಕೊಂಡು ಬಂದ. ಹೊಸ್ತಿಲ ಒಳಗೆ, ಬಾಗಿಲಿಗೆ ಎರಡು ಮೊಳದಲ್ಲಿ, ಅವಳು ಬಿದ್ದಿದ್ದಳು. ರಾತ್ರಿಯಿಡೀ ಬಾಗಿಲ ಕಡೆಗೆ ತೆವಳಿ ಮೊಣಕೈ ತರಚಿತ್ತು. ಅವನು ಬಯ್ಯಲಿಲ್ಲ, ನಾ ಹೇಳಿದ್ನಿಲ್ಲೋ ಅನ್ನಲಿಲ್ಲ. ಅವಳ ಕೈ ಹಿಡಿದು ಎಬ್ಬಿಸಿ, “ನನ್ನ ಕೈ ಬಿಡಬ್ಯಾಡ್ರಿ, ಹೋಗೂಣು,” ಎಂದು ತನ್ನ ಅಕ್ಕ ಜಮಾಲಬಿಯ ಮನೆಗೆ ನಡೆಸಿಕೊಂಡು ಹೋದ. ಕಚೇರಿಯ ಕಪಾಟಿನಲ್ಲಿದ್ದ ಕುಡಿಕೆಯನ್ನೂ ಗೋಣಿಯಲ್ಲಿ ಸುತ್ತಿ ತಂದಿದ್ದ.

ಜಮಾಲಬಿ ಮಕ್ಕಳಿಗೆ ದೃಷ್ಟಿ ತೆಗೆಯುವ, ಉಳುಕು ನೀವುವ ಮುದುಕಿ. ಲೋಬಾನದ ಹೊಗೆಯಲ್ಲಿ ಕೂತು ಕುಡಿಕೆಯ ದಾರ ಹರಿದಳು. ಒಳಗೆ ಬೂದಿ, ಒಂದು ಜೊತೆ ಬೆಳ್ಳಿಯ ಕಾಲುಂಗುರ. ಮಹಾನಂದಾ ಗುರುತು ಹಿಡಿದಳು. ಗಂಡನ ಮನೆ ಬಿಟ್ಟು ಬರುವಾಗ ತೆಗೆದು ಕಿಟಕಿಯಲ್ಲಿಟ್ಟದ್ದು.

“ನಾಕ ತಿಂಗಳ ಹಿಂದ ಆ ಜಂಗಲ್ ಸಾಹೇಬ ಇಲ್ಲೇ ಕುಂತು ಅತ್ತಾನವಾ,” ಅಂದಳು ಮುದುಕಿ. “ನರ್ಸರಿ ಬೇಲಿ ಹಾಕೂ ಗಡಿಬಿಡ್ಯಾಗ ತಾನ ಕಲ್ಲ ಕಿತ್ತು ಮೂರ ಮಾರು ಆಚಿಗೆ ನೆಟ್ಟಿದ್ದ. ಮನಿ ಸಿಗವಲ್ದು ಅಂದ. ಮೊದಲಿನ ಕುಣ್ಯಾಗ ತಿರುಗಿ ನೆಡು, ತಪ್ಪಾತು ಅನ್ನು ಅಂದೆ. ಆ ಕುಣ್ಯಾಗ ಕೈ ಇಡಾಕ ಅವಂಗ ಧೈರ್ಯ ಆಗಲಿಲ್ಲ. ಇನ್ನೊಬ್ಬರಿಗೆ ದಾಟಸಾಕ ಬರತೈತೇನು ಅಂತ ಕೇಳಿದ. ನಾ ಹೊರಗ ಹಾಕಿದೆ. ಯಾರೋ ಹೇಳಿಕೊಟ್ಟಾರ, ಕಲ್ಲಿನ ಕೆಳಗ ಕುಡಿಕಿ ಹೂಳಸ್ಯಾನ. ಕೈಹಿಡದ ಹೆಂಗಸು ಬೇಕು, ತಾನಾಗೇ ಕೀಳಬೇಕು, ತಾನಾಗೇ ನನ್ನದು ಅಂತ ಒಪ್ಪಿಕೋಬೇಕು.”

“ನಮ್ಮದು ಕೋರ್ಟಿನ್ಯಾಗ ಬಿಡುಗಡಿ ಆಗೇತ್ರಿ,” ಅಂದಳು ಮಹಾನಂದಾ.

“ಕೋರ್ಟ್ ಕಾಗದ ರೇವವ್ವಗ ಓದಾಕ ಬರೂದಿಲ್ಲವಾ.”

ಮಹಬೂಬಸಾಬ ನೆಲ ನೋಡುತ್ತ ಹೇಳಿದ. “ನಿಮ್ಮ ವರ್ಗಾವಣಿ ಸಲುವಾಗಿ ಮೇಲಿನವರ ಮನಿಗೆ ಅಡ್ಡಾಡಿದವರು ಅವರರೀ. ಪಾಪ, ಹಳೇ ಹೆಂಡ್ತಿ ಮ್ಯಾಲೆ ಕಾಳಜಿ ಅಂದಕೊಂಡಿದ್ದೆ ನಾನು.”

ಜಮಾಲಬಿ ಹೇಳಿದ ಉಪಾಯ ಒಂದೇ. ಕಲ್ಲನ್ನು ಮೊದಲಿನ ಕುಣಿಯಲ್ಲೇ ನೆಡಬೇಕು. ಸರಿಸಿದ ಕೈಗಳೆರಡೂ ಬೇಕು, ಅವನದೂ ಇವಳದೂ. ಮಣ್ಣು ತುಂಬುವವರೆಗೆ ಇಬ್ಬರೂ ಕಲ್ಲು ಬಿಡಬಾರದು. ಬಿಟ್ಟವರನ್ನು ರೇವವ್ವ ಬಿಡುವುದಿಲ್ಲ.

ಅಂಗಲಾಚಿದರೆ ಪ್ರಭು ಬರುವವನಲ್ಲ. ಮಹಾನಂದಾ ಸಾಬನ ಕೈ ಹಿಡಿದೇ ಕಚೇರಿಗೆ ಬಂದು ಮೇಲಿನವರಿಗೆ ಒಂದು ಪತ್ರ ಬರೆದಳು. ಸದರಿ ಗಡಿಕಲ್ಲು ಮೂಲಸ್ಥಾನದಿಂದ ಮೂರು ಮಾರು ಸರಿದಿರುವುದು ಕಂಡುಬಂದಿದೆ. ಅರಣ್ಯ ಅಧಿಕಾರಿಗಳು ನಾಳೆ ಖುದ್ದು ಹಾಜರಾಗಿ ಮೂಲಸ್ಥಾನ ತೋರಿಸದಿದ್ದಲ್ಲಿ ಕಲ್ಲಿಗೆ ತಾಗಿದ ಹದಿನೇಳು ಎಕರೆ ಅರಣ್ಯವನ್ನು ಕಂದಾಯಕ್ಕೆ ದಾಖಲಿಸಲಾಗುವುದು. ಆ ಪತ್ರ ಟಪಾಲು ಕಾಯಲಿಲ್ಲ. ಒಂದು ಗುಂಟೆ ಬಿಟ್ಟುಕೊಟ್ಟರೂ ಮರ್ಯಾದೆ ಹೋಯಿತೆನ್ನುವ ಇಲಾಖೆ. ಮಧ್ಯಾಹ್ನದೊಳಗೆ ಪ್ರಭುವಿನ ಸಾಹೇಬರು ಫೋನಿನಲ್ಲಿ ಕೂಗಾಡುವುದು ನಳದ ತನಕ ಕೇಳಿಸಿತು. ಹೋಗದಿದ್ದರೆ ಅಮಾನತು.

ಮರುದಿನ ಹನ್ನೆರಡಕ್ಕೆ ಅವನು ಬಂದ. ಜೀಪನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದ. ಮುಖದ ಮೇಲೆ ಅದೇ ನಗು, ತುಟಿ ಮಾತ್ರ ಒಣಗಿತ್ತು. ಮೂಲ ಕುಣಿ ಬೇಲಿಯ ಮಗ್ಗುಲಲ್ಲಿ ಬಾಯಿ ತೆರೆದುಕೊಂಡಿತ್ತು.

“ನಂದಾ, ಗಂಗೀ ಕಾಗದಕ್ಕ ಈಗ ಸಹಿ ಹಾಕತೀನಿ. ಇಲ್ಲೇ. ನನ್ನ ಬಿಟ್ಟಬಿಡು.”

ಅವಳಿಗೆ ಒಂದು ಗಳಿಗೆ ಮನಸ್ಸು ಹೊಯ್ದಾಡಿತು. ಜೇಬಿನಿಂದ ಅವನು ತೆಗೆದ ಕಾಗದ ಕಾಣುತ್ತಿತ್ತು. ಎರಡು ವರ್ಷ ಅವಳು ಬೇಡಿದ್ದ ಕಾಗದ. ಹಿಂದೆ ಸರಪಳಿ ಎಳೆಯಿತು. ಝಣ್.

“ಮೊದಲ ಕಲ್ಲ ಹಿಡೀರಿ,” ಅಂದಳು.

ಹಿಡಿದರು. ಕಲ್ಲು ಕುಣಿಗೆ ಇಳಿಯಿತು. ಕೈಗೆ ತಗುಲಿದ್ದು ಕಲ್ಲಿನ ಒರಟಲ್ಲ, ಕೂದಲಿನ ನುಣುಪು. ಬಿಸಿ. ಉಸಿರಾಡುತ್ತಿತ್ತು. ಲಕ್ಕಪ್ಪ ಕಣ್ಣು ಮುಚ್ಚಿಕೊಂಡು ಮಣ್ಣು ತಳ್ಳಿದ. ಒಂದು ಬುಟ್ಟಿ. ಎರಡು ಬುಟ್ಟಿ. ಸರಪಳಿಯ ಸದ್ದು ಹತ್ತಿರ ಬಂತು. ಬೆನ್ನಿಗೆ ಬಂತು. ನಿಂತಿತು. ಯಾರೋ ಇಬ್ಬರ ನಡುವೆ ಬಗ್ಗಿ ನೋಡಿದಂತೆ ನೆರಳು ಬಿತ್ತು. ಸುಟ್ಟ ಕೂದಲಿನ ನಾತ. ಮಹಾನಂದಾ ಹಲ್ಲು ಕಚ್ಚಿದಳು. ಕಣ್ಣು ಮುಚ್ಚಿದಳು. ಬೆರಳು ಸಡಿಲಿಸಲಿಲ್ಲ.

ಪ್ರಭು ಕೈ ಬಿಟ್ಟ.

ಓಡಿದ. ಜೀಪು ಅಲ್ಲೇ ಇತ್ತು. ಇಪ್ಪತ್ತೇ ಹೆಜ್ಜೆ. ಅವನು ಓಡುತ್ತಲೇ ಇದ್ದ. ಜೀಪು ಇದ್ದ ಹಾಗೇ ಇತ್ತು, ಇದ್ದಷ್ಟೇ ದೊಡ್ಡದು. ಅವನು ಮಾತ್ರ ಸಣ್ಣವನಾಗತೊಡಗಿದ. ಆಳೆತ್ತರದವನು ಮೊಳದಷ್ಟಾದ. ಗೇಣಿನಷ್ಟಾದ. ದಿಗಂತದ ಕಡೆ ಹೋಗುವವನಂತೆ, ಇಪ್ಪತ್ತು ಹೆಜ್ಜೆಯ ಆ ಜಾಗದೊಳಗೇ. “ನಂದಾ” ಎಂದು ಕರೆದದ್ದು ಸೊಳ್ಳೆಯ ಗುಂಯ್‌ಗುಡುವಿಕೆಯಷ್ಟು ಕೇಳಿಸಿತು. ಆಮೇಲೆ ಜೀಪೊಂದೇ ಉಳಿಯಿತು. ನೋಡುತ್ತ ನಿಂತಿದ್ದ ಯಲ್ಲಪ್ಪ ಮೊಣಕಾಲೂರಿ ವಾಂತಿ ಮಾಡಿಕೊಂಡ. ಸಹಿಯಿಲ್ಲದ ಆ ಕಾಗದವೂ ಪ್ರಭುವಿನ ಜೊತೆಗೇ ಹೋಗಿತ್ತು.

ಮಣ್ಣು ತುಂಬುವವರೆಗೆ ಮಹಾನಂದಾ ಒಬ್ಬಳೇ ಕಲ್ಲು ಹಿಡಿದಿದ್ದಳು. ಅಂದು ಸಂಜೆ ಮನೆ ಇನ್ನೂರ ಹತ್ತು ಹೆಜ್ಜೆಗೆ ಸಿಕ್ಕಿತು. ಆದರೆ ಮರುದಿನ ಮಗಳನ್ನು ನೋಡಲು ಹುಬ್ಬಳ್ಳಿ ಬಸ್ಸು ಹತ್ತಿದಾಗ, ಊರ ಸೀಮೆ ದಾಟುತ್ತಲೇ ಸರಪಳಿ ಝಣ್ಣೆಂದಿತು. ಮುಂದಿನ ಸೀಟು ದೂರ ಸರಿಯತೊಡಗಿತು. ಕೂಗಿ ಬಸ್ಸು ನಿಲ್ಲಿಸಿ ಇಳಿದು, ಅಂಬೆಗಾಲಿಟ್ಟು ಸೀಮೆಯೊಳಗೆ ಬಂದಳು.

“ಎರಡ ಕೈ ಬೇಕಿತ್ತು, ಒಂದ ಆತು,” ಅಂದಳು ಜಮಾಲಬಿ. “ಆಕಿ ಅರ್ಧ ಬಿಟ್ಟಾಳ. ಈ ಊರ ಸೀಮಿ ದಾಟಬ್ಯಾಡವಾ ಇನ್ನ.”

ಇಲಾಖೆಗಳು ತಮ್ಮ ಕೆಲಸ ಮುಂದುವರಿಸಿದವು. ತಮ್ಮ ಸರಹದ್ದಿನಲ್ಲಿ ಕಾಣೆಯಾದ ನಮ್ಮ ನೌಕರರ ಬಗ್ಗೆ ವರದಿ ನೀಡಲು ಕೋರಿದೆ ಎಂದು ಅರಣ್ಯದವರು ಬರೆದರು. ಸದರಿಯವರು ಓಡಿದ್ದು ತಮ್ಮ ಸರಹದ್ದಿನೊಳಗೆ ಎಂದು ಸರ್ವೆಯವರು ಉತ್ತರಿಸಿದರು. ಪೊಲೀಸರು ಕೆರೆಯಲ್ಲಿ ಬಲೆ ಹಾಕಿ ಹೋದರು.

ಅಪ್ಪನ ಸಹಿ ಇಲ್ಲದೆ ಗಂಗಿಯ ಶಾಲೆ ಬದಲಾಗಲಿಲ್ಲ. ಭಾನುವಾರಕ್ಕೊಮ್ಮೆ ಅಜ್ಜಿ ಅವಳನ್ನು ಬಸ್ಸಿನಲ್ಲಿ ಕರೆತರುತ್ತಾಳೆ. ಮಹಾನಂದಾ ನಿಲ್ದಾಣದ ಕಟ್ಟೆಯ ಮೇಲೆ ಬೆಳಗಿನಿಂದ ಕೂತಿರುತ್ತಾಳೆ. ಮೂರನೆಯ ಭಾನುವಾರ ಮಗಳು ಇಳಿದು ಓಡಿ ಬಂದು ತೊಡೆ ಏರಿದಳು. ಅವಳ ಕೂದಲಲ್ಲಿ ಎಣ್ಣೆಯ, ಬಸ್ಸಿನ ಧೂಳಿನ ವಾಸನೆ. ಮಹಾನಂದಾ ಕಣ್ಣುಮುಚ್ಚಿ ಮೂಸಿದಳು.

“ಅವ್ವಾ, ಅಪ್ಪ ಎಲ್ಲಿಗೂ ಹೋಗಿಲ್ಲ,” ಅಂದಳು ಗಂಗಿ. “ದಾರ್ಯಾಗ ಕಾಣತಾನ. ಬಸ್ಸಿನ ಸಂಗಾಟ ಓಡಾಕತ್ತಿರತಾನ. ಅಜ್ಜಿಗೆ ತೋರಿಸಿದ್ರ ಕಾಣವಲ್ದು ಅಂತಾಳ.”

ಮಹಾನಂದಾಳ ಕೈ ಮಗಳ ಬೆನ್ನ ಮೇಲೆ ಹಾಗೇ ನಿಂತಿತು.

“ಎಲ್ಲಿ ಕಂಡ?”

“ಮೊದಲನೇ ವಾರ ಗುಡ್ಡದ ಮ್ಯಾಲೆ ಇದ್ದ, ಇರುವಿಯಷ್ಟ. ಹೋದ ವಾರ ಗದ್ದ್ಯಾಗ ಇದ್ದ. ಇವತ್ತ ರಸ್ತಾದ ಮಗ್ಗಲಕ್ಕ ಬಂದಿದ್ದ.” ಹುಡುಗಿ ಅವ್ವನ ಬಳೆ ತಿರುಗಿಸುತ್ತ ಹೇಳಿದಳು. “ಕಿಟಕ್ಯಾಗ ಕೈ ಚಾಚು ಅಂತ ಸನ್ನಿ ಮಾಡಿದ. ಬಸ್ಸು ಜೋರ ಹೊಂಟಿತ್ತು, ಸಿಗಲಿಲ್ಲ. ಮುಂದಿನ ವಾರ ಸಿಗತೀನಿ ಅಂದೀನಿ.”